ಏಸುಸ್ವಾಮಿಗೆ ಮಾರ್ಕು ಹಾಕಿದ ನನ್ನ ತಮ್ಮ

ನಮ್ಮ ಮಧುಗಿರಿ ತಾಲ್ಲೂಕಿನಲ್ಲಿ ದೇವರ ಬಗ್ಗೆ ನನ್ನ ತಮ್ಮನಷ್ಟು ಯೋಚನೆ ಮಾಡುವ ಮನುಷ್ಯ ಇನ್ನೊಬ್ಬನಿಲ್ಲ. ಪೂಜಾರಿಗಳಿಗೆ, ಮಠದ ಸ್ವಾಮಿಗಳಿಗೆ ದೇವರು ಇದ್ದಾನೆ ಎಂದು ಗೊತ್ತು. ಗೊತ್ತಿದ್ದ ಮೇಲೆ ಯೋಚನೆ ಯಾಕೆ? ಹೊಟ್ಟೆ ತುಂಬ ಉಂಡು ಮಲಗುತ್ತಾರೆ. ನನ್ನ ತಮ್ಮನಿಗೆ ದೇವರು ಇಲ್ಲ ಎಂದು ಗೊತ್ತು. ಇಲ್ಲದವನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಜಗಳ ಕಾಯುವುದೆಂದರೆ ಸುಲಭವೇ? ಎದುರಾಳಿ ಉತ್ತರವನ್ನೂ ಕೊಡುವುದಿಲ್ಲ, ಸೋತೆ ಎಂದು ಒಪ್ಪಿಕೊಳ್ಳುವುದೂ ಇಲ್ಲ!

ನಾನು ಓದಿದ್ದು ನಾಲ್ಕನೇ ಕ್ಲಾಸು. ಅವನು ನನಗಿಂತ ಎರಡು ಕ್ಲಾಸು ಮುಂದೆ ಹೋದ. ಅಲ್ಲಿಂದ ಮೇಷ್ಟ್ರೇ ಕೈಮುಗಿದು, "ನೀನು ಕುರಿ ಕಾಯೋದು ಒಳ್ಳೇದು ಕಣಪ್ಪ, ನಿನ್ನ ಪ್ರಶ್ನೆಗೆ ಅವು ಬೇಜಾರು ಮಾಡಿಕೊಳ್ಳಲ್ಲ" ಎಂದು ಕಳಿಸಿಬಿಟ್ಟರಂತೆ. ಅಂದಿನಿಂದ ಇಂದಿನವರೆಗೆ ಅವನಿಗೆ ಕುರಿ ಬಿಟ್ಟರೆ ಬೇರೆ ಸಂಸಾರವಿಲ್ಲ. ಮದುವೆಯೂ ಇಲ್ಲ. ಹೆಣ್ಣು ನೋಡಲು ಸಿರಾ ಕಡೆಯ ಒಂದು ಹಳ್ಳಿಗೆ ಹೋದಾಗ ಮಂದೆಯನ್ನೂ ಹೊಡೆದುಕೊಂಡೇ ಹೋಗಿದ್ದ. "ದಾರೀಲಿ ಒಳ್ಳೇ ಮೇವೈತೆ ಕಣಕ್ಕಯ್ಯ" ಅಂತ! ಹುಡುಗಿಯ ಅಪ್ಪ ಹುಡುಗನನ್ನು ಒಪ್ಪಲಿಲ್ಲ, ಎರಡು ಟಗರನ್ನು ಒಪ್ಪಿದ. ವ್ಯಾಪಾರ ಮುಗಿಸಿಕೊಂಡು ಬಂದ. ನನ್ನ ಮಗಳ ಮದುವೆ ರಿಜಿಸ್ಟರ್ ಆಫೀಸಿನಲ್ಲಿ ನಡೆದಾಗಲೂ ಅಷ್ಟೆ. ಇವನು ಒಳಗೆ ಸಾಕ್ಷಿ ರುಜು ಹಾಕುವಷ್ಟರಲ್ಲಿ ಇವನ ಮಂದೆ ಹೊರಗೆ ಸರ್ಕಾರದ ಕ್ರೋಟನ್ ಗಿಡಗಳನ್ನು ಬುಡಸಮೇತ ಮುಗಿಸಿತ್ತು. ಮಂದೆ ಬಿಟ್ಟು ಅವನು ಎಲ್ಲಿಗೂ ಹೋದವನಲ್ಲ. ನಮ್ಮ ಯಜಮಾನರು ತೀರಿಕೊಂಡ ದಿನವೂ ಮಂದೆ ನಮ್ಮ ಬೀದಿಯಲ್ಲೇ ನಿಂತಿತ್ತು. ಇದೊಂದನ್ನು ನೀವು ನೆನಪಿಟ್ಟುಕೊಳ್ಳಿ.

ಆ ಮದುವೆಯ ಕಥೆ ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ನನ್ನ ಮಗಳು ಕೊರಟಗೆರೆಯ ಒಂದು ಹೈಸ್ಕೂಲಿನಲ್ಲಿ ಮೇಡಂ. ಅದೇ ಸ್ಕೂಲಿನ ಕ್ರಿಶ್ಚಿಯನ್ ಮೇಷ್ಟ್ರನ್ನು ಮೆಚ್ಚಿಕೊಂಡಳು. ನೆಂಟರೆಲ್ಲ ಬಾಯಿಬಾಯಿ ಬಡಿದುಕೊಂಡಾಗ ಎದ್ದು ನಿಂತವನು ಇವನೊಬ್ಬನೇ. "ನಮ್ ದೇವ್ರೂ ಸುಳ್ಳು, ಅವರ ದೇವ್ರೂ ಸುಳ್ಳು. ಸುಳ್ಳಲ್ಲಿ ಹತ್ರದ ಸುಳ್ಳೇನು, ದೂರದ ಸುಳ್ಳೇನು? ಹುಡುಗ ಕುಡಿಯಲ್ಲ, ಬೀಡಿ ಸೇದಲ್ಲ. ಬಾಯ್ ಮುಚ್ಕಂಡು ಅಕ್ಷತೆ ಹಾಕ್ರಿ" ಎಂದ. ಆಮೇಲೆ ಯೋಚನೆ ಮಾಡಿ, "ಅಕ್ಷತೇನೂ ಸುಳ್ಳೇ. ಅಕ್ಕಿ ದಂಡ. ಊಟ ಹಾಕ್ರಿ" ಎಂದು ತಿದ್ದಿಕೊಂಡ!

ಈಗ ಆ ಮಗಳು ಒಂದು ಮಗಳನ್ನು ಹೆತ್ತಿದ್ದಾಳೆ. ಮಗು ಹೇಗಿದೆ ಎಂದು ನೀವು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ! ನೊಸಲು ನನ್ನದು, ಮೂಗು ನನ್ನದು, ಅಳುವಾಗ ಕೆಳತುಟಿ ಮುಂದೆ ಬರುತ್ತದಲ್ಲ, ಅದೂ ನನ್ನದೇ. ಬಣ್ಣ ಮಾತ್ರ ಬೀಗರದ್ದು. ಬೆಲ್ಲದ ಪಾಕ ಹದಕ್ಕೆ ಬಂದಾಗ ಇರುತ್ತದಲ್ಲ, ಆ ಬಣ್ಣ. ಆಕಳಿಸಿದರೆ ನಾನು ಅಕ್ಕಪಕ್ಕದ ಮನೆಯವರನ್ನೆಲ್ಲ ಕೂಗಿ ತೋರಿಸುತ್ತೇನೆ. "ಎಲ್ಲಾ ಮಕ್ಕಳೂ ಆಕಳಿಸ್ತವೆ ಕಣಮ್ಮ" ಎನ್ನುತ್ತಾರೆ. ಹೊಟ್ಟೆಕಿಚ್ಚು, ಬೇರೇನಲ್ಲ.

ಬಾಣಂತನ ನಮ್ಮ ಮನೆಯಲ್ಲೇ, ದೊಡ್ಡೇರಿ ಪಕ್ಕದ ನಮ್ಮೂರಿನಲ್ಲಿ. ಮೊಮ್ಮಗಳನ್ನು ಬಿಟ್ಟಿರಲಾರದೆ ಬೀಗಿತ್ತಿಯೂ ಮಧುಗಿರಿಯಿಂದ ಬಂದು ಉಳಿದುಕೊಂಡರು. ಪಾವಗಡದ ಕಡೆಯವರು, ಅರ್ಧ ಮಾತು ಕನ್ನಡ, ಅರ್ಧ ತೆಲುಗು. ನರ್ಸಾಗಿದ್ದು ರಿಟೈರ್ ಆದವರು, ಆದ್ದರಿಂದ ಎಣ್ಣೆನೀರು ಹಾಕುವ ವಿಷಯದಲ್ಲಿ ನನಗೂ ಅವರಿಗೂ ದಿನಾ ಬೆಳಿಗ್ಗೆ ಒಂದು ಯುದ್ಧ. ಸಂಜೆಯಾದರೆ ಅವರು ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತು ತಮ್ಮ ಧರ್ಮದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು. ಅದೇ ಹೊತ್ತಿಗೆ ನನ್ನ ತಮ್ಮ ಮಂದೆಯನ್ನು ರೊಪ್ಪಕ್ಕೆ ಕೂಡಿ, ಬಾಣಂತಿಗೆ ಮೇಕೆಹಾಲು ತಂದು, ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಕೂರುತ್ತಿದ್ದ. ನಮ್ಮ ದೇವರುಗಳನ್ನೆಲ್ಲ ಅವನು ಚಿಕ್ಕಂದಿನಲ್ಲೇ ಮುಗಿಸಿದ್ದ. ಪಟ್ಟನಾಯಕನಹಳ್ಳಿಯ ಮಠದ ಕಡೆ ಹೋಗುವವರನ್ನೂ ದಾರಿಯಲ್ಲಿ ತಡೆದು ವಾದ ಮಾಡಿದವನು. ಜಗಳಕ್ಕೆ ಹೊಸ ದೇವರು ಸಿಗದೆ ಸೊರಗಿದ್ದ. ಈಗ ಮನೆ ಬಾಗಿಲಿಗೇ ಹೊಸದೊಂದು ಧರ್ಮ ನಡೆದುಕೊಂಡು ಬಂದಿತ್ತು. ಅವನ ಮುಖದಲ್ಲಿ ಆ ಕಳೆ ನಾನು ಯಾವತ್ತೂ ಕಂಡಿರಲಿಲ್ಲ!

ಆದರೆ ಕೇಳಿದ ತಕ್ಷಣ ಬೈಯುವ ಜಾತಿ ಅವನದಲ್ಲ. ಒಂದೊಂದು ಬೋಧನೆಯನ್ನೂ ಮಾಡಿ ನೋಡಿ, ಆಮೇಲೆ ಪಾಸು, ಫೇಲು ಎಂದು ತೀರ್ಪು ಕೊಡುವವನು. ಸಿಂಪಲ್ಲಾಗಿ ಹೇಳುವುದಾದರೆ, ಹುಚ್ಚ.

ಮೊದಲನೇ ಸಂಜೆ ಬಂದದ್ದು ಕೆನ್ನೆಯ ಬೋಧನೆ. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ತೋರಿಸು ಎಂದು ಏಸುಸ್ವಾಮಿ ಹೇಳಿದ್ದಾರಂತೆ. ನನ್ನ ತಮ್ಮ ಗಡ್ಡ ಕೆರೆದುಕೊಂಡ. "ಹೊಡೆಯೋನು ನಾಚ್ಕೊಂಡು ಸುಮ್ನಾಗ್ತಾನೆ ಅಂತ ಲೆಕ್ಕ. ಅಲ್ವಾ ಬೀಗಿತ್ತಮ್ಮ?"

"ಅಂತೇ ಅನ್ಕೋಳಿ ಅಣ್ಣಾ."

ಮಾರನೇ ದಿನ ಸಿರಾದಿಂದ ಕುರಿ ಕೊಳ್ಳುವ ಸಾಬರು ಬಂದಿದ್ದರು. ಅವರ ಕಣ್ಣೆದುರಿಗೇ ನನ್ನ ತಮ್ಮ ಗುದ್ದುವ ಟಗರಿನ ಮುಂದೆ ಹೋಗಿ ನಿಂತ. ಅದು ಹಿಂದೆ ಹಿಂದೆ ಸರಿದು ಓಡಿಬಂದು ಎಡತೊಡೆಗೆ ಗುದ್ದಿತು. ಇವನು ಬಿದ್ದ, ಎದ್ದ, ಪಂಚೆ ಕೊಡವಿದ, ತಿರುಗಿ ಬಲತೊಡೆ ತೋರಿಸಿ ನಿಂತ. ಟಗರಿಗೆ ಇಂಥ ಗಿರಾಕಿ ಜನ್ಮದಲ್ಲಿ ಸಿಕ್ಕಿರಲಿಲ್ಲ! ಸಾಬರು "ಅರೇ ಯಜಮಾನ್ರೇ, ದಿಮಾಗ್ ಖರಾಬ್ ಆಯ್ತಾ?" ಎಂದು ಕೂಗುತ್ತಾ ಬೇಲಿ ಹಾರಿ ಹೋಗಿ ಎಳೆದುಕೊಂಡು ಬಂದರು. ಅಂದು ಸಂಜೆ ಎರಡೂ ಕಾಲು ಕುಂಟುತ್ತಾ ಜಗಲಿಗೆ ಬಂದ. ಎರಡೂ ಕಾಲು ಕುಂಟುವವರು ಹೇಗೆ ನಡೆಯುತ್ತಾರೆ ಎಂದು ನೀವು ಕೇಳಬೇಡಿ. ಅದನ್ನು ನೋಡಿಯೇ ತಿಳಿಯಬೇಕು.

"ಫೇಲು" ಎಂದ. "ಹೊಡೆಯೋನಿಗೆ ನಾಚ್ಕೆ ಇದ್ರೆ ಮೊದಲನೇ ಏಟೇ ಹೊಡೀತಿರಲಿಲ್ಲ."

"ಅಯ್ಯೋ ದೇವುಡಾ! ಅದು ಮನುಷ್ಯರಿಗೆ ಹೇಳಿದ್ದು ಅಣ್ಣಾ, ಟಗರಿಗಲ್ಲ!"

"ಮನುಷ್ಯರಲ್ಲಿ ಟಗರು ಇಲ್ವಾ? ಹೆಂಡ್ತೀಗೆ ಹೊಡೆಯೋ ಗಂಡನ ಮುಂದೆ ಆಯಮ್ಮ ಇನ್ನೊಂದು ಕೆನ್ನೆ ತೋರಿಸ್ಬೇಕಾ? ಹೊಡೆಸ್ಕೊಳ್ಳೋರಿಗೆ ತಾಳ್ಮೆ ಹೇಳ್ಕೊಡೋ ಬದ್ಲು ಹೊಡೆಯೋನ ಕೈ ಹಿಡಿಯೋದು ಹೇಳ್ಕೊಡ್ಬಾರ್ದಾ?"

ಬೀಗಿತ್ತಿ ಆಸ್ಪತ್ರೆಯಲ್ಲಿ ಅಂಥ ಎಷ್ಟು ಕೆನ್ನೆಗಳಿಗೆ ಔಷಧಿ ಹಚ್ಚಿದ್ದರೋ, ಎದ್ದು ಒಳಗೆ ಹೋಗಿ ಮುಲಾಮು ತಂದುಕೊಟ್ಟರು.

ಎರಡನೆಯದು ದ್ರಾಕ್ಷಿತೋಟದ ಕೂಲಿಯ ಕಥೆ. ಒಬ್ಬ ಯಜಮಾನ ಬೆಳಿಗ್ಗೆ ಬಂದವರಿಗೂ, ಸಂಜೆ ಹೊತ್ತು ಮುಳುಗುವಾಗ ಬಂದವರಿಗೂ ಒಂದೇ ಕೂಲಿ ಕೊಟ್ಟನಂತೆ. ಬೆಳಗಿನವರು ಗೊಣಗಿದರೆ, ನನ್ನ ಹಣ ನನ್ನಿಷ್ಟ ಎಂದನಂತೆ. ದೇವರ ದಯೆಗೆ ಅಳತೆಯಿಲ್ಲ ಎಂಬುದು ಅದರ ಅರ್ಥ ಎಂದು ಬೀಗಿತ್ತಿ ಬಿಡಿಸಿ ಹೇಳಿದರು. ನನ್ನ ತಮ್ಮ ಅರ್ಥ ಕೇಳುವವನಲ್ಲ. ಆಗ ನಮ್ಮ ಹೊಲದಲ್ಲಿ ಕಡಲೆಕಾಯಿ ಕೀಳಿಸುತ್ತಿದ್ದೆವು. ನಾನು ಬಾಣಂತಿಯ ಹತ್ತಿರ ಇದ್ದದ್ದರಿಂದ ಆಳುಗಳ ಉಸ್ತುವಾರಿ ಅವನದು. ಪರೀಕ್ಷೆ ಅವನದು, ಹೊಲ ನನ್ನದು! ಬಿಸಿಲು ಇಳಿದ ಮೇಲೆ ಬಂದ ಹೆಂಗಸರಿಗೂ ಪೂರ್ತಿ ಕೂಲಿ ಕೊಟ್ಟ.

ಮಾರನೇ ದಿನ ಬೆಳಿಗ್ಗೆ ಹೊಲದಲ್ಲಿ ಒಂದು ಕಾಗೆಯೂ ಇರಲಿಲ್ಲ. ಮಧ್ಯಾಹ್ನವೂ ಇಲ್ಲ. ಸಂಜೆ ನೋಡುತ್ತೇನೆ, ನಮ್ಮೂರ ಹೆಂಗಸರೆಲ್ಲ ತಲೆ ಬಾಚಿ, ಹೂ ಮುಡಿದು, ಮದುವೆಗೆ ಬಂದವರ ಹಾಗೆ ಸಾಲಾಗಿ ಬರುತ್ತಿದ್ದಾರೆ!

"ಯಾಕ್ರಮ್ಮ, ಈಗ ಬಂದ್ರಿ?"

"ನಿನ್ ತಮ್ಮ ದಯಾಳು ಕಣಕ್ಕ. ಬೆಳಿಗ್ಗೆ ಬಂದು ಅವನ ದಯೆ ದಂಡ ಮಾಡ್ಬಾರ್ದು ಅಂತ ಈಗ ಬಂದ್ವಿ!"

ನಾನು ತಲೆಯ ಮೇಲೆ ಕೈ ಹೊತ್ತು ಕೂತರೆ ಇವನು ಸಂತೋಷದಿಂದ ಕುಣಿಯುತ್ತಿದ್ದ. "ಫೇಲು ಕಣಕ್ಕಯ್ಯ, ಫೇಲು! ಬೆನ್ನು ಬಗ್ಗಿಸ್ದೋಳ ಬೆವರಿಗೆ ಬೆಲೆ ಇಲ್ದಿದ್ರೆ ಅದು ದಯೆ ಅಲ್ಲ, ದೊಡ್ಡೋರ ಹುಚ್ಚಾಟ. ಕೊಡೋನಿಗೆ ಹೆಸ್ರು, ದುಡಿಯೋರಿಗೆ ಮೋಸ." ಕಡಲೆಕಾಯಿ ಅರ್ಧ ಭೂಮಿಯಲ್ಲೇ ಉಳಿಯಿತು. ಧರ್ಮದ ಸೋಲಿಗೆ ನನ್ನ ಹೊಲ ಬಲಿಯಾಯಿತು.

ಇನ್ನು ಹಕ್ಕಿಗಳ ವಿಷಯ. ಆಕಾಶದ ಹಕ್ಕಿಗಳು ಬಿತ್ತುವುದಿಲ್ಲ, ಕುಯ್ಯುವುದಿಲ್ಲ, ಆದರೂ ದೇವರು ಸಾಕುತ್ತಾನೆ, ಆದ್ದರಿಂದ ನಾಳೆಯ ಚಿಂತೆ ಬೇಡ ಎನ್ನುವ ಬೋಧನೆ. ಇದಕ್ಕೆ ಪರೀಕ್ಷೆಯೇ ಬೇಕಾಗಲಿಲ್ಲ. "ಬಿತ್ತೋನು ನಾನು, ತಿನ್ನೋದು ಹಕ್ಕಿ, ಸಾಕ್ದೆ ಅಂತ ಹೆಸ್ರು ಮಾತ್ರ ನಿಮ್ಮ ದೇವ್ರಿಗಾ?" ಎಂದು ಮುಗಿಸಿಬಿಟ್ಟ. ಒಳಗಿನಿಂದ ನನ್ನ ಮಗಳು ನಕ್ಕ ಸದ್ದು ಕೇಳಿಸಿತು. ಬೀಗಿತ್ತಿಯೂ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು. ಓದುವುದಕ್ಕಲ್ಲ ಎಂದು ನನ್ನ ಗುಮಾನಿ.

ನರಕದ ಬೆಂಕಿಯ ವಿಷಯ ಬಂದಾಗ ಮಾತ್ರ ಅವನು ತಮಾಷೆ ಮಾಡಲಿಲ್ಲ. ಕಂಬಳಿಯ ಮೇಲೆ ಎದ್ದು ಕೂತ. "ನಾಯಿ ಐತೆ ಅಂತ ಹೆದ್ರಿ ಬೆಳೆಗೆ ಬಾಯಿ ಹಾಕ್ದೆ ಇರೋ ಕುರೀನ ಒಳ್ಳೇ ಕುರಿ ಅಂತೀರಾ ನೀವು? ಅದು ಹೆದರ್ಕೊಂಡಿರೋ ಕುರಿ, ಅಷ್ಟೇ. ನರಕಕ್ಕೆ ಹೆದ್ರಿ ಕದೀದೆ ಇರೋನೂ ಅಂಗೇ. ಸ್ವರ್ಗ ಸಿಗ್ತದೆ ಅಂತ ಅನ್ನ ಹಾಕೋನು ದಾನಿ ಅಲ್ಲ, ವ್ಯಾಪಾರಿ. ಮೇಲೆ ಯಾರೂ ಇಲ್ಲ, ಯಾರೂ ನೋಡ್ತಿಲ್ಲ, ಏನೂ ಸಿಗಲ್ಲ ಅಂತ ಗೊತ್ತಿದ್ದೂ ಹಸಿದೋನಿಗೆ ಒಂದು ಮುದ್ದೆ ಕೊಡೋನು ಇದಾನಲ್ಲ, ಅವನು ಕಣಮ್ಮ ಒಳ್ಳೇ ಮನ್ಸ."

ನಿಜ ಹೇಳಬೇಕೆಂದರೆ ನಾನು ದಿನಾ ದೀಪ ಹಚ್ಚುವವಳು. ಆದರೂ ಆ ಮಾತು ಕೇಳಿದಾಗ, ಇವನು ಹೇಳುವುದು ಸರಿಯಲ್ಲವೇ ಎನ್ನಿಸಿತು. ಹಾಗೆಂದು ಅವನೆದುರು ಒಪ್ಪಿಕೊಳ್ಳಲಿಕ್ಕಾಗುತ್ತದೆಯೇ? "ಹಾಲಿಗೆ ನೀರು ಬೆರೆಸಿದ್ದೀಯೇನ್ಲಾ, ತೆಳ್ಳಗೈತೆ" ಎಂದು ಬೈದು ಒಳಗೆ ಹೋದೆ.

ಒಂದೇ ಒಂದು ಬೋಧನೆ ಅವನ ಹತ್ತಿರ ಪಾಸಾಯಿತು. ತಪ್ಪು ಮಾಡಿದ ಹೆಂಗಸೊಬ್ಬಳನ್ನು ಕಲ್ಲು ಹೊಡೆದು ಕೊಲ್ಲಲು ಊರೇ ಸೇರಿದಾಗ, ಪಾಪ ಮಾಡದವನು ಯಾರೋ ಅವನು ಮೊದಲನೇ ಕಲ್ಲು ಹೊಡೆಯಲಿ ಎಂದರಂತೆ ಏಸುಸ್ವಾಮಿ. ಇವನು ಬೀಡಿ ಎಳೆಯುವುದನ್ನೇ ಮರೆತ. ಬೀಡಿ ಆರಿಹೋಯಿತು. "ಇದು ಪಾಸು" ಎಂದ. ಆಮೇಲೆ ಬೀಗಿತ್ತಿ ಬೀಗುವುದನ್ನು ಕಂಡು, "ಇದನ್ನ ಹೇಳೋಕೆ ದೇವ್ರೇ ಆಗ್ಬೇಕಿಲ್ಲ, ವಸಿ ಬುದ್ಧಿ ಇರೋ ಮನ್ಸನಾದ್ರೆ ಸಾಕು" ಎಂದು ಮಾರ್ಕು ಕಡಿತ ಮಾಡಿದ!

ಹೀಗೆ ನಗುನಗುತ್ತಾ ಇದ್ದ ಜಗಲಿಗೆ ಬೆಂಕಿ ಬಿದ್ದದ್ದು ದೀಕ್ಷಾಸ್ನಾನದ ಮಾತು ಬಂದ ದಿನ. ಮಗುವನ್ನು ಮಧುಗಿರಿಯ ಚರ್ಚಿಗೆ ಕರೆದುಕೊಂಡು ಹೋಗಿ ತಲೆಗೆ ನೀರು ಹಾಕಿಸಬೇಕು. ಅಳಿಯನ ಆಸೆ ಅದು, ಮಗಳೂ ಒಪ್ಪಿದ್ದಳು. ಎಲ್ಲ ಮನುಷ್ಯರೂ ಹುಟ್ಟುತ್ತಲೇ ಪಾಪ ಹೊತ್ತುಕೊಂಡು ಬರುತ್ತಾರೆ, ಈ ಸ್ನಾನದಿಂದ ತೊಳೆದುಹೋಗುತ್ತದೆ ಎಂದು ಬೀಗಿತ್ತಿ ಹೇಳಿದ್ದೇ ತಡ, ನನ್ನ ತಮ್ಮ ಚಂಗನೆ ಎದ್ದ.

"ಯಾರು? ಈ ಕೂಸಾ? ಇದು ಪಾಪಿನಾ?"

"ಎಲ್ಲರೂ ಅಣ್ಣಾ. ನಾನೂ, ನೀವೂ."

"ನಂದು ಬುಡಿ, ನಂದು ದೊಡ್ಡ ಲೆಕ್ಕ. ಇದು ಏನ್ ಮಾಡೈತೆ ಹೇಳಿ? ಹಾಲು ಕುಡೀತು, ನಿದ್ದೆ ಮಾಡ್ತು, ನನ್ನ ಮೈಮೇಲೆ ಉಚ್ಚೆ ಹುಯ್ತು. ಯಾರೋ ಯಾವ ಕಾಲ್ದಲ್ಲೋ ಯಾವ ಹಣ್ಣೋ ತಿಂದ್ರೆ ಇದಕ್ಯಾಕೆ ಶಿಕ್ಷೆ? ತಾತ ಕದ್ದ ಅಂತ ಮೊಮ್ಮಗಳನ್ನ ಹಿಡ್ಕೊಂಡೋಗೋ ಪೊಲೀಸ್ನೋನು ನಿಮ್ಮ ದೇವ್ರಾ? ಇಂಥದ್ದನ್ನ ನ್ಯಾಯ ಅಂತಾರಾ?"

ಓದುಗರೇ, ಈ ವಿಷಯದಲ್ಲಿ ನಾನು ಪೂರ್ತಿ ಅವನ ಪಕ್ಷ. ಆಕಳಿಸುವಾಗ ಅಷ್ಟು ಚೆನ್ನಾಗಿ ಆಕಳಿಸುವ ಮಗು ಪಾಪಿಯಂತೆ! ಆದರೆ ಅವನು ಅಷ್ಟಕ್ಕೇ ನಿಲ್ಲಿಸಿದನೇ? "ಪಾದ್ರಿಗಳು ಆ ಮಾತು ಅಂದ ತಕ್ಷಣ ನಾನು ಚರ್ಚಲ್ಲೇ ಎದ್ದು ನಿಂತ್ಕೊಂಡು ಕೇಳ್ತೀನಿ. ಏನ್ ಪಾಪ ಅಂತ ಎಲ್ಲರ ಮುಂದೆ ಹೇಳ್ಲಿ" ಎಂದುಬಿಟ್ಟ. ಹೇಳಿದ್ದನ್ನು ಮಾಡದೆ ಬಿಟ್ಟವನಲ್ಲ ಅವನು. ಅವನ ತೊಡೆಗಳನ್ನೇ ಕೇಳಿ ನೋಡಿ!

ಹಾಗಾದರೆ ಅವನನ್ನು ಕರೆಯದೇ ಇದ್ದರಾಯಿತಲ್ಲ ಎನ್ನುತ್ತೀರಿ. ಅಲ್ಲಿಯೇ ಇರುವುದು ತೊಡಕು. ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚಿಸಲಿ, ಮುಡಿ ತೆಗೆಸಲಿ, ಹೆಸರಿಡಲಿ, ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಆಗಬೇಕು. ನನಗೆ ಗಂಡುಮಕ್ಕಳಿಲ್ಲ. ನನ್ನ ಮಗಳಿಗೆ ತೊಡೆ ಕೊಟ್ಟವನು ಇವನೇ, ಮೊಮ್ಮಗಳಿಗೂ ಇವನೇ ಕೊಡಬೇಕು. "ಶಾಸ್ತ್ರ ಎಲ್ಲಾ ಸುಳ್ಳು. ಆದ್ರೆ ತೊಡೆ ನಂದು, ಅದು ಸುಳ್ಳಲ್ಲ" ಎಂದು ಪ್ರತಿ ಸಾರಿಯೂ ಎಲ್ಲರಿಗಿಂತ ಮುಂಚೆ ಬಂದು ಚಕ್ಕಂಬಕ್ಕಲ ಹಾಕಿ ಕೂರುತ್ತಿದ್ದ. ನನ್ನ ಮಗಳು ಖಂಡಿತವಾಗಿ ಹೇಳಿದಳು: "ನೀರು ಪಾದ್ರಿಗಳೇ ಹಾಕಲಿ. ಅಲ್ಲೀವರೆಗೂ ಮಗು ನಮ್ಮ ಮಾವನ ತೊಡೆ ಮೇಲಿರಬೇಕು. ಮಾವ ಬರಲಿಲ್ಲ ಅಂದ್ರೆ ನಾನು ಮಗೂನ ಹೊಸಿಲು ದಾಟಿಸಲ್ಲ." ಅವನು ಬಂದರೆ ಚರ್ಚಿನಲ್ಲಿ ರಂಪ, ಬರದಿದ್ದರೆ ಮನೆಯಲ್ಲಿ ರಂಪ. ನನ್ನ ಮೊಮ್ಮಗಳ ಮೊದಲನೇ ಹಬ್ಬ ಈ ಎರಡರ ನಡುವೆ ಸಿಕ್ಕಿಕೊಂಡಿತು.

ಸಾಲದ್ದಕ್ಕೆ ಬೀಗಿತ್ತಿಯ ಗುಲಾಬಿ. ಚರ್ಚಿನ ಅಂಗಳದಲ್ಲಿ ಅವರೇ ಕೈಯಾರೆ ನೆಟ್ಟು ಸಾಕಿದ ಗಿಡಗಳು. "ಅಣ್ಣಾ, ನೀವು ಬನ್ನಿ. ನಿಮ್ಮ ಗೊರ್ರೆಲು ಮಾತ್ರ ವದ್ದು" ಎಂದರು, ಕುರಿ ಬೇಡ ಎಂದು ಕೈಮುಗಿದರು. ರಿಜಿಸ್ಟರ್ ಆಫೀಸಿನ ಕ್ರೋಟನ್ ಗತಿ ಅವರೂ ನೋಡಿದ್ದರಲ್ಲ! "ಕುರಿ ಬುಟ್ಟು ನಾನು ಎಲ್ಲಿಗೂ ಬರಲ್ಲ" ಎಂದು ಇವನು. ಕೊನೆಗೆ ದೊಡ್ಡೇರಿಯ ಒಬ್ಬ ಆಳನ್ನು ಆ ಒಂದು ದಿನ ಮಂದೆ ಕಾಯಲು ಗೊತ್ತು ಮಾಡಿದೆವು. ಅಂತೂ ಒಪ್ಪಿದ.

ಒಪ್ಪಿದವನು ಸುಮ್ಮನಿರಬಾರದೇ? ಅಂದು ಸಂಜೆ ಬೀಗಿತ್ತಿ ಓದಿದ್ದು ಕಳೆದುಹೋದ ಕುರಿಯ ಕಥೆ. ನೂರು ಕುರಿಗಳಿದ್ದವನು ಒಂದು ತಪ್ಪಿಸಿಕೊಂಡರೆ, ಮಿಕ್ಕ ತೊಂಬತ್ತೊಂಬತ್ತನ್ನು ಕಾಡಿನಲ್ಲಿ ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗುವುದಿಲ್ಲವೇ ಎಂದು ಕೇಳಿದರಂತೆ ಏಸುಸ್ವಾಮಿ.

"ಇಲ್ಲ!" ಎಂದು ಕೂಗಿದ ನನ್ನ ತಮ್ಮ. ಪಕ್ಕದ ಮನೆಯ ದೀಪ ಹತ್ತಿತು. "ಯಾವ ಸೀಮೆ ಕುರಿ ಕಾಯೋನು ಅವನು? ಬುಕ್ಕಾಪಟ್ಟಣದ ಕಾಡಲ್ಲಿ ಒಂದು ಗಳಿಗೆ ಮಂದೆ ಬುಟ್ಟು ನೋಡ್ಲಿ! ತೋಳ ಬಂದು ಹಂಚ್ಕೊಂಡು ತಿಂತವೆ. ಒಂದು ಹೋಗಿದ್ದು ಹೋಯ್ತು, ಮಿಕ್ಕಿದ್ದನ್ನ ಯಾರು ಕಾಯ್ತಾರೆ? ನಿಮ್ಮ ಏಸುಸ್ವಾಮಿ ಏನ್ ಕೆಲ್ಸ ಮಾಡ್ತಿದ್ರು?"

"ಬಡಗಿ ಕೆಲಸ."

"ಅದಕ್ಕೇ! ಬಡಗಿ ಕುರಿ ಲೆಕ್ಕ ಹೇಳಿದ್ರೆ ಇಂಗೇ ಆಗೋದು. ಫೇಲು! ಎಲ್ಲಾದ್ರಲ್ಲೂ ಇದು ದೊಡ್ಡ ಫೇಲು!"

ಮಗಳು ನಕ್ಕಳು, ನಾನು ನಕ್ಕೆ. ಬೀಗಿತ್ತಿ ನಗಲಿಲ್ಲ. ತಿಂಗಳಿಂದ ಫೇಲು ಫೇಲು ಕೇಳಿ ಅವರಿಗೂ ಸಾಕಾಗಿತ್ತೇನೋ. ಪುಸ್ತಕ ಮುಚ್ಚಿ ಹೇಳಿದರು: "ಲೆಕ್ಕ ನಿಮ್ಮದೇ ಸರಿ ಅಣ್ಣಾ. ನಿಮಗೆ ಮಕ್ಕಳಿಲ್ಲವಲ್ಲ, ಅದಕ್ಕೇ ಆ ಕಥೆ ನಿಮಗೆ ಅರ್ಥ ಆಗಲ್ಲ."

ಜಗಲಿ ತಣ್ಣಗಾಯಿತು. ನನ್ನ ತಮ್ಮ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ಇಳಿದುಹೋದ. ಒಳಗಿನಿಂದ ನನ್ನ ಮಗಳ ದನಿ ಬಂತು: "ಅತ್ತೆ, ಮಾವನಿಗೆ ನಾನಿದ್ದೀನಿ." ಬೀಗಿತ್ತಿ ನಾಲಿಗೆ ಕಚ್ಚಿಕೊಂಡರು. ಆದರೆ ಆಡಿದ ಮಾತು ಆಗಲೇ ಬೀದಿ ದಾಟಿ ಹೋಗಿತ್ತು.

ಮಾರನೇ ದಿನದಿಂದ ಹಾಲಿನ ಕ್ಯಾನು ಜಗಲಿಯ ಅಂಚಿನಲ್ಲಿ ಇರುತ್ತಿತ್ತು, ಅವನು ಇರುತ್ತಿರಲಿಲ್ಲ. ಬೀಗಿತ್ತಿ ಸಂಜೆ ಓದುತ್ತಿದ್ದರು. ಒಂದು ವಾಕ್ಯ ಓದುವುದು, ಬೀದಿಯ ಕಡೆ ನೋಡುವುದು. ಎದುರು ಮಾತಾಡುವವರಿಲ್ಲದ ಧರ್ಮ ಎಷ್ಟು ಸಪ್ಪೆ ಎಂದು ನನಗೆ ಆಗ ಗೊತ್ತಾಯಿತು.

ದೀಕ್ಷಾಸ್ನಾನದ ಭಾನುವಾರ ಬಂತು. ಮಗುವಿಗೆ ಬಿಳಿ ಫ್ರಾಕು, ಬಿಳಿ ಟೋಪಿ. ಹೇಗೆ ಕಾಣುತ್ತಿತ್ತು ಎಂದರೆ, ಬೇಡ ಬಿಡಿ, ನನ್ನ ದೃಷ್ಟಿಯೇ ತಾಗೀತು! ಕಾರು ಹತ್ತುವ ಹೊತ್ತಿಗೆ ನನ್ನ ತಮ್ಮನ ಫೋನು.

"ಅಕ್ಕಯ್ಯ, ಆ ಆಳು ಕೈ ಕೊಟ್ಬುಟ್ಟ. ಫೋನೂ ಎತ್ತಲ್ಲ. ನಾನು ಬರಲ್ಲ. ಕೂಸಿಗೆ ಹೇಳ್ಬುಡು."

"ಕೂಸಿಗೆ ಏನಂತ ಹೇಳ್ಲೋ ಲೇ?"

ಹಿಂದೆ ಕುರಿಗಳ ಸದ್ದು ಕೇಳಿಸಿತು, ಫೋನು ಕಟ್ಟಾಯಿತು. ನಾನು ಮಗಳಿಗೆ ಹೇಳಲಿಲ್ಲ. ಮಾವ ಅಲ್ಲಿಗೇ ಬರುತ್ತಾನೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಕಾರಿಗೆ ಹತ್ತಿಸಿದೆ.

ಚರ್ಚಿನಲ್ಲಿ ಮುಂದಿನ ಬೆಂಚಿನ ಮೇಲೆ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಟ್ಟುಕೊಂಡು ಮಗಳು ಕೂತಳು. ಹಾಡು ಮುಗಿಯಿತು. ಅವಳು ಬಾಗಿಲ ಕಡೆ ನೋಡಿದಳು. ಪ್ರಾರ್ಥನೆ ಮುಗಿಯಿತು. ಮತ್ತೆ ನೋಡಿದಳು. ಪಾದ್ರಿಗಳು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. ಅಳಿಯ ಮೆಲ್ಲಗೆ ಅವಳ ಭುಜ ಮುಟ್ಟಿದ. ಅವಳು ತಲೆ ಅಲ್ಲಾಡಿಸಿದಳು, ಕಣ್ಣು ತುಂಬಿತ್ತು.

ಆಗ ಕುರಿಯ ವಾಸನೆ ಬಂತು! ಮನುಷ್ಯ ಬರುವುದಕ್ಕೆ ಮೊದಲು ಅವನ ವಾಸನೆ ಬರುತ್ತದೆ ಎಂದು ನಾನು ಅವನನ್ನು ಎಷ್ಟು ಸಾರಿ ಹಂಗಿಸಿದ್ದೇನೋ, ಅಂದು ಮಾತ್ರ ಮಲ್ಲಿಗೆ ಹೂವಿನ ಹಾಗೆ ಮೂಗಿಗೆ ಎಳೆದುಕೊಂಡೆ. ಹೊಸ ಪಂಚೆ, ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ಮೈಯೆಲ್ಲ ಬೆವರು. ಬಿಳಿ ಬಟ್ಟೆಯ ಜನದ ನಡುವೆ ದಾರಿ ಮಾಡಿಕೊಂಡು ಬಂದು ಬೆಂಚಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ. ಮಗಳು ಮಗುವನ್ನು ಅವನ ತೊಡೆಯ ಮೇಲಿಟ್ಟಳು.

ಆಳು ಬಂದನೇನೋ ಎಂದುಕೊಂಡೆ. ಆ ಸಮಾಧಾನವೂ ಹೆಚ್ಚು ಹೊತ್ತು ಉಳಿಯಲಿಲ್ಲ. ಪಾದ್ರಿಗಳು ಪಾಪದ ಮಾತು ಶುರು ಮಾಡಿದರು. ಹುಟ್ಟಿದವರೆಲ್ಲರೂ ಪಾಪದಲ್ಲಿ ಹುಟ್ಟಿದವರೇ ಎಂದರು. ಪಕ್ಕಕ್ಕೆ ನೋಡಿದರೆ ಇವನ ಮೀಸೆ ಕುಣಿಯುತ್ತಿದೆ, ಕತ್ತಿನ ನರ ಉಬ್ಬಿದೆ. ಕೋಲಿನ ಮೇಲೆ ಕೈ ಊರಿದ. ಎದ್ದೇಬಿಟ್ಟ ಎಂದುಕೊಂಡೆ!

ಎದ್ದೇಳಲಿಲ್ಲ. ಎದ್ದೇಳಲು ಆಗಲಿಲ್ಲ! ತೊಡೆಯ ಮೇಲೆ ಮಗು ಅವನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಆಗಷ್ಟೇ ಕಣ್ಣು ಮುಚ್ಚುತ್ತಿತ್ತು. ಅಲುಗಿದರೆ ಎಚ್ಚರವಾಗುತ್ತದೆ. ಅವನು ಪಾದ್ರಿಗಳನ್ನು ನೋಡಿದ, ಮಗುವನ್ನು ನೋಡಿದ. ಕೋಲು ಬಿಟ್ಟ. ಬಗ್ಗಿ ಮಗುವಿನ ಕಿವಿಯಲ್ಲಿ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ: "ಅದೆಲ್ಲಾ ಸುಳ್ಳು ಕಣವ್ವ. ನೀನೇನೂ ಮಾಡಿಲ್ಲ. ನಂಬಬ್ಯಾಡ."

ಆಮೇಲೆ ನೀರು. ಮಗಳು ಮಗುವನ್ನು ಎತ್ತಿಕೊಂಡು ಹೋದಳು. ಪಾದ್ರಿಗಳು ತಲೆಗೆ ನೀರು ಹಾಕಿದ್ದೇ ತಡ, ಚಾವಣಿ ಹಾರಿಹೋಗುವ ಹಾಗೆ ಕಿರುಚಿತು. ಈಗ ಮಾತ್ರ ನನ್ನ ತಮ್ಮ ನೆಟ್ಟಗೆ ಎದ್ದು ನಿಂತ. ಇಡೀ ಚರ್ಚು ತಿರುಗಿ ನೋಡಿತು. ತಿಂಗಳಿಂದ ಕಟ್ಟಿಟ್ಟುಕೊಂಡಿದ್ದ ಪ್ರಶ್ನೆಯನ್ನು ಇವನು ಕೇಳಿಯೇಬಿಡುತ್ತಾನೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಸ್ವಾಮೀ, ವಸಿ ಬಿಸಿನೀರು ಕಾಯಿಸ್ಕೊಳ್ಳೋಕೆ ಆಗ್ಲಿಲ್ವಾ?"

ಮೊದಲು ನಕ್ಕವರು ಪಾದ್ರಿಗಳೇ. "ಮುಂದಿನ ಸಾರಿ ಕಾಯಿಸ್ತೀವಿ ಯಜಮಾನ್ರೇ" ಎಂದರು. ಮಗು ಅವನ ತೊಡೆಗೆ ವಾಪಸು ಬಂತು, ಕಂಬಳಿಯ ಬಿಸುಪಿಗೆ ಬಿಕ್ಕುತ್ತಾ ಬಿಕ್ಕುತ್ತಾ ಮಲಗಿತು.

ಕಾರ್ಯ ಮುಗಿದು ಜನವೆಲ್ಲ ಊಟಕ್ಕೆ ಎದ್ದರು. ಇವನು ಏಳಲಿಲ್ಲ.

"ಏಳ್ಲಾ, ಬಿರಿಯಾನಿ ತಣ್ಣಗಾಗ್ತದೆ."

"ಶ್! ಈಗ ನಿದ್ದೆ ಹತ್ತೈತೆ."

ನಾನೂ ಪಕ್ಕದಲ್ಲಿ ಕೂತೆ. "ಕೊನೆಗೂ ಬಂದ್ನಾ ಆ ಆಳು?"

"ಇಲ್ಲ."

"ಮತ್ತೆ ಮಂದೆ ಹತ್ರ ಯಾರವ್ರೆ?"

ಅವನು ಮಗುವಿನ ಟೋಪಿ ಸರಿ ಮಾಡಿದ. ಸರಿಯಾಗಿಯೇ ಇದ್ದದ್ದನ್ನು ಮತ್ತೊಮ್ಮೆ ಸರಿ ಮಾಡಿದ. "ಯಾರೂ ಇಲ್ಲ."

ತಿರುಗಿ ನೋಡಿದರೆ ಬೆನ್ನ ಹಿಂದೆ ಬೀಗಿತ್ತಿ, ಕೈಯಲ್ಲಿ ಅವನಿಗೆಂದು ತಂದ ತಟ್ಟೆ. ಎಲ್ಲ ಕೇಳಿಸಿಕೊಂಡಿದ್ದರು! ಮುಗಿಯಿತು ಎಂದುಕೊಂಡೆ. ಮಂದೆ ಬಿಟ್ಟು ಒಂದಕ್ಕಾಗಿ ಓಡಿಬಂದವನು ಎದುರಿಗೇ ಕೂತಿದ್ದಾನೆ. ಇಷ್ಟು ದಿನದ ಫೇಲುಗಳಿಗೆಲ್ಲ ಬಡ್ಡಿ ಸಮೇತ ಕೊಡಲು ಇದಕ್ಕಿಂತ ಒಳ್ಳೆಯ ಗಳಿಗೆ ಉಂಟೇ?

ಅವರು ತಟ್ಟೆಯನ್ನು ಬೆಂಚಿನ ಮೇಲಿಟ್ಟು ಬಾಗಿಲಿಗೆ ಹೋದರು. ತಮ್ಮ ಕಿರಿಯ ಗಂಡುಮಕ್ಕಳಿಬ್ಬರನ್ನು ಕೂಗಿದರು. "ರೇಯ್, ಇದ್ದರೂ ಪೋಂಡ್ರಾ! ಮಾವ ಗೊರ್ರೆಲ ದಗ್ಗರ ಎವರೂ ಲೇರಂಟ!" ಮಾವನ ಕುರಿಗಳ ಹತ್ತಿರ ಯಾರೂ ಇಲ್ಲವಂತೆ, ಇಬ್ಬರೂ ಹೋಗಿ ಎಂದು ಅದರ ಅರ್ಥ. ಇಸ್ತ್ರಿ ಮಾಡಿದ ಬಿಳಿ ಷರಟಿನ ಹುಡುಗರಿಬ್ಬರೂ ಊಟದ ಎಲೆ ಬಿಟ್ಟೆದ್ದು, ಬೈಕು ಹತ್ತಿ ನಮ್ಮೂರ ಗುಡ್ಡದ ಕಡೆ ಹೊರಟರು. ಬೀಗಿತ್ತಿ ವಾಪಸು ಬಂದು ನನ್ನ ತಮ್ಮನ ಇನ್ನೊಂದು ಪಕ್ಕದಲ್ಲಿ ಕೂತು, ಮಗುವಿನ ಮೇಲೆ ನೊಣ ಕೂರದ ಹಾಗೆ ಸೆರಗಾಡಿಸತೊಡಗಿದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅಂಗಾದ್ರೆ ಆ ಕುರಿ ಕಥೆ ಈಗ ಪಾಸೇನ್ಲಾ?" ಎಂದೆ.

ಅವನು ಬಗ್ಗಿ ನೋಡಿದ. ಮಗುವಿನ ಮುಷ್ಟಿಯಲ್ಲಿ ಅವನ ಹೆಬ್ಬೆರಳು ಮತ್ತೆ ಸೇರಿಕೊಂಡಿತ್ತು.

"ಎಲ್ಲಿ ಪಾಸು? ಮಂದೆ ಬುಟ್ಟು ಹೋಗೋನು ಯಾವತ್ತಿದ್ರೂ ದಡ್ಡನೇ ಕಣಕ್ಕಯ್ಯ. ಅವನೂ ಫೇಲು" ಎಂದು, ದನಿ ಇನ್ನೂ ತಗ್ಗಿಸಿ, "ನಾನೂ ಫೇಲು" ಎಂದ.

ಅಂದು ಆ ಚರ್ಚಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತಿದ್ದವನು ದೇವರಿಲ್ಲ ಎನ್ನುವ ನನ್ನ ತಮ್ಮನೇ. ಮಗು ತಾನಾಗಿ ಕಣ್ಣು ಬಿಟ್ಟು ಆಕಳಿಸುವವರೆಗೂ ಅವನು ಕಾಲು ಅಲುಗಿಸಲಿಲ್ಲ.